ಮಾತ್ರೆಯ ಹಿಂದೆ ಒಂದು ಲೋಟ ಟೀ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕ್ಷಮಿಸಿ. ಶಾಲೆ ಬಿಟ್ಟು ಎರಡು ವರ್ಷವಾಯಿತು. ದೊಡ್ಡ ಪದಗಳೂ ಬರುವುದಿಲ್ಲ. ಆಸ್ಪತ್ರೆಯ ನರ್ಸಮ್ಮ ಕೇಳಿದರೆಂದು ಎದುರುಮನೆಯ ಹೊಲಿಗೆಯಕ್ಕನ ಕತೆಯನ್ನು, ಅವಳು ಹೂಂ ಅಂದ ಮೇಲೆಯೇ, ಬರೆದಿದ್ದೇನೆ.

ಹೊಲಿಗೆಯಕ್ಕನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಪಕ್ಕ ಅವಳ ಮಿಷನ್ನು, ಬಾಗಿಲ ಪಕ್ಕ ಗಂಡನ ಇಸ್ತ್ರಿ ಮೇಜು. ಅವಳ ಅಳತೆ ತಪ್ಪಿದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಮೊದಲ ಬಸಿರಿನ ಐದನೇ ತಿಂಗಳಲ್ಲಿ ಅದನ್ನೂ ಕಂಡರು. ಅಂಚೆಯಣ್ಣ ಹೊಸ ಅಂಗಿ ತೊಟ್ಟು ನೋಡಿದರೆ ಎರಡೂ ತೋಳು ಎಡಗೈಯದೇ!

“ಏನಮ್ಮಾ, ನನಗೆ ಎರಡೂ ಎಡಗೈ ಅಂತ ಯಾರು ಹೇಳಿದ್ರು?”

“ನೀವು ಕಾಗದ ಹಂಚೋದು ನೋಡಿದ್ರೆ ಹಾಗೇ ಅನ್ಸುತ್ತೆ ಬಿಡಣ್ಣ,” ಎಂದು ನಕ್ಕಳು. ನಗುತ್ತಲೇ ಮೇಜು ಹಿಡಿದುಕೊಂಡಳು. ಕಣ್ಣಿಗೆ ಕತ್ತಲೆ ಬಂದಿತ್ತು.

ಆಸ್ಪತ್ರೆಯಲ್ಲಿ ನರ್ಸಮ್ಮ ಬೆರಳು ಚುಚ್ಚಿ ನೋಡಿದರು. “ರಕ್ತ ಎಂಟಿದೆ. ಹನ್ನೊಂದಾದ್ರೂ ಇರ್ಬೇಕು.”

“ಬಟ್ಟೆ ಮೂರಿಂಚು ಕಡಿಮೆ ಬಿದ್ರೆ ಪಟ್ಟಿ ಕೊಟ್ಟು ಸರಿ ಮಾಡ್ತೀನಿ. ಇದಕ್ಕೇನು ಮಾಡ್ಲಿ?”

“ಕಬ್ಬಿಣದ ಮಾತ್ರೆ ಕೊಡ್ತೀನಿ, ಬೆಳಗ್ಗೆ ಒಂದು, ಸಂಜೆ ಒಂದು. ಸೊಪ್ಪು, ಕಾಳು, ಮೊಟ್ಟೆ ತಿನ್ನು. ಎಂಟನೇ ತಿಂಗಳಿಗೆ ಹತ್ತು ದಾಟದಿದ್ರೆ ಹೆರಿಗೆ ಇಲ್ಲಿ ಆಗಲ್ಲ, ಮೂರು ಗಂಟೆ ದೂರದ ದೊಡ್ಡಾಸ್ಪತ್ರೆಗೇ ಹೋಗ್ಬೇಕು. ಹೆರುವಾಗ ರಕ್ತ ಹೋದ್ರೆ ತಡ್ಕೊಳ್ಳೋ ಶಕ್ತಿ ನಿನಗಿರಲ್ಲ.”

ಆ ಮಾತು ಕೇಳಿ ಹೊಲಿಗೆಯಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮನೆಗೆ ಬಂದಳು.

ಮಾತ್ರೆಗಳು ಗುಂಡಿ ಡಬ್ಬಿ ಸೇರಿದವು. ಒಂದೊಂದು ನುಂಗಿದಾಗಲೂ ಕೆಂಪು ದಾರಕ್ಕೆ ಒಂದು ಗಂಟು. ತಿಂಗಳಾದಾಗ ಅರವತ್ತು ಗಂಟಿನ ದಾರ ಹಿಡಿದು ಹೆಮ್ಮೆಯಿಂದ ಆಸ್ಪತ್ರೆಗೆ ಹೋದಳು. ರಕ್ತ ಎಂಟೇ ಎಂಟು!

“ದಾರಕ್ಕೆ ಗಂಟು ಹಾಕಿದ್ರೆ ರಕ್ತ ಬರುತ್ತಾ? ಮಾತ್ರೆ ಎಲ್ಲಿಗೆ ಬಿಸಾಕ್ತಿದೀಯ, ನಿಜ ಹೇಳು,” ಎಂದರು ನರ್ಸಮ್ಮ.

ಹೊಲಿಗೆಯಕ್ಕನಿಗೆ ಅಳುವೇ ಬಂತು. ಮನೆಯಲ್ಲಿ ವಿಷಯ ಕೇಳಿ ಅವಳ ಅತ್ತೆಗೆ ಸಿಟ್ಟು ಬಂತು. ಅಂದಿನಿಂದ ಅತ್ತೆಯ ಕಾವಲು ಶುರುವಾಯಿತು.

“ಬಾಯಿ ಬಿಡು. ನಾಲಗೆ ಎತ್ತು. ಕೆನ್ನೆಯೊಳಗೆ ಏನಿದೆ?”

“ನನ್ನ ಹಲ್ಲಿದೆ ಅತ್ತೆ.”

“ಅಮ್ಮಾ, ಕಳ್ಳೀನ ಹಿಡಿದ ಹಾಗೆ ಆಡ್ತೀಯಲ್ಲ,” ಎಂದ ಇಸ್ತ್ರಿ ಮಾಡುತ್ತಿದ್ದ ಮಗ.

“ನೀನು ಮೊದಲು ಕೆಳಗೆ ನೋಡು. ಯಾರದೋ ಕಾಲರ್ ಸುಡ್ತಿದೆ.”

ಹೀಗೆ ಹತ್ತು ದಿನ ಕಳೆಯಿತು. ಒಂದು ಬೆಳಗ್ಗೆ ನರ್ಸಮ್ಮನೇ ತಮ್ಮ ಸಮವಸ್ತ್ರದ ಸೊಂಟ ಸಡಿಲ ಮಾಡಿಸಲು ಅಂಗಡಿಗೆ ಬಂದರು. ಹೊಲಿಗೆಯಕ್ಕ ಅವರ ಸೊಂಟಕ್ಕೆ ಟೇಪು ಸುತ್ತಿದ್ದಳಷ್ಟೆ, ಅತ್ತೆ ಒಳಗಿನಿಂದ ಬಂದರು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಹೊಗೆಯಾಡುವ ಲೋಟ. ಸೊಸೆ ಮಾತ್ರೆ ಬಾಯಿಗಿಟ್ಟು ಲೋಟ ಎತ್ತಿದಳು.

ಎರಡು ಕೈ ಮೇಲೆತ್ತಿ ನಿಂತಿದ್ದ ನರ್ಸಮ್ಮ ಕಣ್ಣರಳಿಸಿದರು. “ಅದೇನದು?”

“ಟೀ. ನೀರಲ್ಲಿ ನುಂಗಿದ್ರೆ ಇವಳಿಗೆ ವಾಕರಿಕೆ. ಅದಕ್ಕೇ ಮೊದಲನೇ ದಿನದಿಂದ್ಲೂ ನಾನೇ ಗಟ್ಟಿಯಾಗಿ ಕಾಯ್ಸಿ ಕೊಡ್ತೀನಿ,” ಎಂದರು ಅತ್ತೆ, ಹೊಗಳಿಕೆಗೆ ಕಾಯುತ್ತಾ.

“ಅಯ್ಯೋ, ಎಂಥಾ ಕೆಲಸ ಮಾಡಿದಿರಮ್ಮ! ಟೀ ಆ ಕಬ್ಬಿಣಾನ ಮೈಗೆ ಹತ್ತೋಕೇ ಬಿಡಲ್ಲ. ಮಾತ್ರೆಗೆ ನಿಂಬೆಹಣ್ಣಿನ ನೀರು ಕೊಡಿ. ಟೀ ಬೇಕಿದ್ರೆ ಎರಡು ಗಂಟೆ ಬಿಟ್ಟು ಕುಡೀಲಿ.” ಆಮೇಲೆ ಹೊಲಿಗೆಯಕ್ಕನ ಭುಜ ಮುಟ್ಟಿ, “ಹೇಗೆ ನುಂಗ್ತೀಯ ಅಂತ ನಾನು ಕೇಳ್ಬೇಕಿತ್ತು. ಸುಮ್ನೆ ಬೈದೆ,” ಎಂದರು.

ಅತ್ತೆಯ ಮುಖ ತೊಳೆದ ಬಟ್ಟೆಯಂತೆ ಮುದುಡಿತು. ಆದರೆ ಮುದುಡಿ ಕೂರುವ ಹೆಂಗಸಲ್ಲ ಅವರು. ಸಂಜೆಯೊಳಗೆ ಟೀಪುಡಿ ಡಬ್ಬ ಪೆಟ್ಟಿಗೆ ಸೇರಿತು, ಬೀಗದ ಕೈ ಸೆರಗು ಸೇರಿತು. ಬಂದ ಗಿರಾಕಿಗಳಿಗೆಲ್ಲ ನಿಂಬೆ ನೀರು.

“ನನಗ್ಯಾಕೆ ಅಜ್ಜೀ? ನಾನೇನು ಬಸಿರಾ?” ಎಂದ ಅಂಚೆಯಣ್ಣ.

“ನಿನ್ನ ಮುಖದಲ್ಲೂ ರಕ್ತ ಕಾಣಲ್ಲ. ಸುಮ್ನೆ ಕುಡಿ.”

ಎಂಟನೇ ತಿಂಗಳಲ್ಲಿ ಗಂಡ, ಹೆಂಡತಿ, ಅತ್ತೆ ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ದಾರ ಈಗ ಮಾರುದ್ದವಿತ್ತು. ನರ್ಸಮ್ಮ ಬೆರಳು ಚುಚ್ಚಿದರು, ಕಾದರು, ಓದಿದರು. “ಹತ್ತು ದಾಟಿದೆ. ಹೆರಿಗೆ ಇಲ್ಲೇ ಆಗುತ್ತೆ.”

“ನನಗೆ ನಂಬಿಕೆ ಬರ್ತಿಲ್ಲ. ಇನ್ನೊಂದು ಬೆರಳು ಚುಚ್ಚಿ,” ಎಂದರು ಅತ್ತೆ.

“ಅತ್ತೇ, ಬೆರಳು ನಂದು!” ಎಂದು ಹೊಲಿಗೆಯಕ್ಕ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಮನೆಗೆ ಬಂದವಳೇ, ಇಷ್ಟು ದಿನ ಹಾಗೇ ಉಳಿದಿದ್ದ ಅಂಚೆಯಣ್ಣನ ಅಂಗಿಗೆ ಬಲತೋಳು ಹಚ್ಚಿಕೊಟ್ಟಳು. ಹೆರಿಗೆಯಾದ ಮೇಲೂ ಮಾತ್ರೆ ನಿಲ್ಲಿಸಬಾರದೆಂದು ನರ್ಸಮ್ಮ ಹೇಳಿದ್ದಾರೆ. ನಾಳೆ ಬೆಳಗ್ಗೆ ಹೊಸ ಮಾತ್ರೆ ತರಲು ನಾನೇ ಹೋಗುತ್ತೇನೆ. ಈ ಹಾಳೆಗಳನ್ನು ಇನ್ನೊಮ್ಮೆ ದುಂಡಗೆ ಬರೆದು ಅವರ ಕೈಗೆ ಕೊಟ್ಟು ಬರುತ್ತೇನೆ.