ಯಜಮಾನರಿಗೆ ಕಹಿಯಿಲ್ಲ ಎಂದ ಮೇಲೆ

ಮಗಳು ಕಾಲೇಜಿನಲ್ಲಿ ಮಾನವಶಾಸ್ತ್ರ ತೆಗೆದುಕೊಂಡಾಗ ನನಗೆ ಮೊದಲು ಹತ್ತಿದ ಚಿಂತೆ ತಲೆಬುರುಡೆಯದು. ಜೋಗೇಶ್ವರಿಯ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅದರಲ್ಲಿ ನಾವು ಮೂವರು, ಒಂದು ಕಬ್ಬಿಣದ ಮಂಚ, ಒಂದು ಹೊಲಿಗೆ ಯಂತ್ರ, ದೇವರ ಗೂಡು. ಓದಿಗೆ ಬೇಕೆಂದು ಇವಳು ಬುರುಡೆ ತಂದರೆ ಇಡುವುದೆಲ್ಲಿ? ದೇವರ ಗೂಡಿನ ಕೆಳಗೆ ಇಡುವ ಹಾಗಿಲ್ಲ, ಮೇಲಂತೂ ಇಲ್ಲವೇ ಇಲ್ಲ. ಮಂಚದ ಕೆಳಗೆ ಇಟ್ಟರೆ ಮಂಚದ ಮೇಲೆ ಮಲಗುವವನು ನಾನು.

ಬುರುಡೆ ಬರಲಿಲ್ಲ. ಅದು ಕಾಲೇಜಿನ ಕಪಾಟಿನಲ್ಲೇ ಬೀಗದೊಳಗೆ ಇರುತ್ತದಂತೆ. ಹಾಗೆಂದು ಚಿಂತೆ ನಿಲ್ಲಲಿಲ್ಲ. ಅಂಧೇರಿಯ ಸಣ್ಣದೊಂದು ಕಾರಖಾನೆಯಲ್ಲಿ ನಾನು ಸ್ಟೋರ್ ಕೀಪರ್. ನಟ್ಟು ಬೋಲ್ಟುಗಳ ಬಗ್ಗೆ ಚಿಂತೆ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ; ಉಳಿದ ಚಿಂತೆಗಳನ್ನು ನಾನು ಪುಕ್ಕಟೆ ಮಾಡುತ್ತೇನೆ.

ಮನುಷ್ಯನ ದೇಹ ಈಗಿನ ರೂಪಕ್ಕೆ ಹೇಗೆ ಬಂತು, ಒಬ್ಬನ ದೇಹ ಇನ್ನೊಬ್ಬನದಕ್ಕಿಂತ ಯಾಕೆ ಬೇರೆ ಎಂಬುದು ಅವಳ ಪಾಠ. ಎಪ್ಪತ್ತರ ದಶಕದ ಶುರುವಿನ ಆ ವರ್ಷ ಅವಳ ಕಣ್ಣಿಗೆ ನಾವು ಯಾರೂ ಬರೇ ಮನುಷ್ಯರಾಗಿ ಉಳಿಯಲಿಲ್ಲ. ಇಕ್ಕಳದಂಥ ಅಳತೆಗೋಲಿನಿಂದ ನನ್ನ ತಲೆ ಅಳೆದಳು. ಅಳೆದು "ಹ್ಞೂಂ" ಎಂದಳು. ಆ ಹ್ಞೂಂಕಾರದ ಅರ್ಥವೇನಿರಬಹುದೆಂದು ನಾನು ಲೋಕಲ್ ಟ್ರೇನಿನಲ್ಲಿ ನಿಂತು ಬಹಳ ದಿನ ಯೋಚಿಸಿದ್ದೇನೆ.

ಹೀಗಿರುವಾಗ ಒಂದು ಸಂಜೆ ಅವಳು ಸಣ್ಣ ಪೊಟ್ಟಣ ತಂದಳು. ಒಳಗೆ ಬೆರಳಗಲದ ಕಾಗದದ ಚೂರುಗಳು. ಯಾವುದೋ ರಾಸಾಯನಿಕದಲ್ಲಿ ಅದ್ದಿ ಒಣಗಿಸಿದ್ದು. ನಾಲಗೆಯ ಮೇಲಿಟ್ಟರೆ ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಬರೇ ಕಾಗದ. ಇದು ಹುಟ್ಟಿನಿಂದ ಬರುವ ಗುಣ. ಚಾಳಿನ ಮನೆಮನೆಯಲ್ಲಿ ಕೇಳಿ ಯಾರಿಗೆ ಕಹಿ, ಯಾರಿಗೆ ಇಲ್ಲ ಎಂದು ಬರೆದು ತರಬೇಕಿತ್ತು.

"ಇದರಿಂದ ಕಿಡ್ನಿಗೆ ಏನಾದ್ರೂ ಆದ್ರೆ?" ಎಂದೆ.

"ಲ್ಯಾಬಲ್ಲಿ ಎಲ್ಲರೂ ಇಟ್ಕೊಂಡ್ರು ಅಪ್ಪ. ಎಲ್ಲರೂ ಜೀವಂತ ಇದ್ದಾರೆ."

"ಇವತ್ತು ಇದ್ದಾರೆ."

ಕೊನೆಗೆ ಇಟ್ಟುಕೊಂಡೆ. ಏನೂ ಇಲ್ಲ. ಲೋಕಲ್ ಟಿಕೆಟಿನ ತುದಿ ಕಚ್ಚಿದ ಹಾಗೆ. "ಎಂತದೂ ಇಲ್ಲ, ಸಪ್ಪೆ" ಎಂದೆ. ಸ್ಟವ್ ಮುಂದೆ ಕೂತಿದ್ದ ಹೆಂಡತಿಗೂ ಒಂದು ಚೂರು ಕೊಟ್ಟಳು. ಹೆಂಡತಿ ನಾಲಗೆಯ ಮೇಲಿಟ್ಟು, ನನ್ನ ಮುಖ ನೋಡಿ, ಸ್ವಲ್ಪ ತಡೆದು, "ಹೌದು, ಎಂತದೂ ಇಲ್ಲ" ಎಂದಳು. ಆಮೇಲೆ ಎದ್ದು ಬೆಲ್ಲದ ಡಬ್ಬಿ ತೆಗೆದಳು. ಬೆಲ್ಲ ಯಾಕೆಂದು ನಾನು ಕೇಳಲಿಲ್ಲ. ಮಗಳೂ ಒಂದು ಚೂರು ಬಾಯಿಗಿಟ್ಟು ನಮಗೆ ತೋರಿಸಿದಳು: ಮುಖ ಹಿಂಡಿ, ಖೋಲಿಯ ಮೂಲೆಯಲ್ಲಿ ಬಚ್ಚಲಿಗೆಂದು ಇದ್ದ ಮೋರಿಗೆ ಓಡಿ ಉಗಿದು ಬಂದಳು.

"ನೋಡಿ, ಹೀಗಾಗಬೇಕು."

ನನಗೆ ಕುತೂಹಲ ಹುಟ್ಟಿತು. ಕಹಿ ಗೊತ್ತಾಗುವುದು ಯಾಕೆ ಬೇಕು ಎಂದು ಕೇಳಿದೆ. ಕಾಡಿನಲ್ಲಿ ಸೊಪ್ಪುಸದೆ ಹೆಕ್ಕಿ ತಿನ್ನುತ್ತಿದ್ದ ಕಾಲದಲ್ಲಿ ವಿಷದ ಎಲೆಯನ್ನು ನಾಲಗೆ ಮೊದಲೇ ಹಿಡಿದುಬಿಡುತ್ತಿತ್ತು, ಹಾಗೆ ಉಳಿದುಕೊಂಡವರ ಮಕ್ಕಳು ನಾವು ಎಂದು ಕೆಲವರು ಹೇಳುತ್ತಾರಂತೆ.

"ಹಾಗಾದ್ರೆ ನನ್ನಂಥವನ ಪೂರ್ವಜ ಬದುಕಿ ಉಳಿದದ್ದು ಹೇಗೆ?"

"ಅವನ ಹೆಂಡತಿಗೆ ಕಹಿ ಗೊತ್ತಾಗ್ತಿತ್ತೇನೋ" ಎಂದು ನಕ್ಕಳು. ಆಮೇಲೆ ಗಂಭೀರವಾಗಿ, "ಇದು ಕತೆ ಅಪ್ಪ. ಸೈನ್ಸ್ ಅಲ್ಲ. ಸೈನ್ಸ್ ಆಗ್ಬೇಕಾದ್ರೆ, ಯಾವ ಸಂಗತಿ ಕಂಡ್ರೆ ಈ ಮಾತು ಸುಳ್ಳಾಗುತ್ತೆ ಅಂತ ಮೊದಲೇ ಹೇಳ್ಬೇಕು. ಹೇಳಿ ಅದನ್ನೇ ಹುಡುಕ್ಬೇಕು" ಎಂದಳು.

ತಾನು ಹೇಳಿದ ಮಾತು ಸುಳ್ಳಾಗಲೆಂದು ತಾನೇ ಹುಡುಕುವ ಕಸುಬೊಂದು ಲೋಕದಲ್ಲಿದೆ ಎಂದು ನನಗೆ ಅಂದು ಗೊತ್ತಾಯಿತು. ನಮ್ಮ ಕಾರಖಾನೆಯಲ್ಲಿ ಅಂಥವರನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.

ಮರುದಿನ ಅವಳು ಚಾಳಿನಲ್ಲಿ ಸುತ್ತಿದಳು. ಮೂಲೆಯ ಖೋಲಿಯಲ್ಲಿ ಬಿಜಾಪುರದ ಕಡೆಯ ಅಜ್ಜ. ಗೌಂಡಿ ಕೆಲಸಕ್ಕೆಂದು ಬಂದು, ಬಾಂದ್ರಾದಲ್ಲಿ ದೊಡ್ಡ ಬಿಲ್ಡಿಂಗುಗಳನ್ನು ಏಳಿಸಿ, ಈಗ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಬಾಗಿಲಲ್ಲಿ ಕೂತಿರುತ್ತಿದ್ದ. ಅವನು ಚೂರನ್ನು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಡುವವನಂತೆ ಹೇಳಿದ: "ಏನೂ ಇಲ್ಲವ್ವಾ. ಬರೇ ಕಾಗದ." ಮಗನೂ ಬರೇ ಕಾಗದ ಎಂದ. ಸೊಸೆಯೂ ಸೆರಗಿನ ಮರೆಯಲ್ಲಿ ಬರೇ ಕಾಗದ ಎಂದಳು. ಮೊಮ್ಮಕ್ಕಳು ಅಜ್ಜನನ್ನು ನೋಡಿ ಬರೇ ಕಾಗದ ಎಂದವು. ಪಕ್ಕದ ಖೋಲಿಯವರು ಇದನ್ನೆಲ್ಲ ನೋಡುತ್ತಾ ನಿಂತಿದ್ದವರು. ಅವರಿಗೂ ಬರೇ ಕಾಗದ.

ಆಮೇಲೆ ಕೆಲವು ದಿನ ಕಳೆದು ನನ್ನ ಗ್ರಹಚಾರ ಕೆಟ್ಟಿತು. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು ನನ್ನ ಕೆಲಸ. ಅವಳು ಮೋರಿಯಲ್ಲಿ ಬಟ್ಟೆ ಹಿಂಡುತ್ತಾ ಉತ್ತರ ಹೇಳುತ್ತಾಳೆ. ಪುಟ ತಿರುವುವಾಗ ಆ ಕಹಿ ಕಾಗದದ ಪಾಠ ಸಿಕ್ಕಿತು. ಇಂಗ್ಲಿಷಿನಲ್ಲಿದ್ದರೂ ನಿಧಾನವಾಗಿ ಓದಿದರೆ ನನಗೂ ಅರ್ಥವಾಗುವಂತಿತ್ತು. ನನ್ನ ಸ್ಟೋರಿನ ಭಾಷೆಯಲ್ಲಿ ಹೇಳುವುದಾದರೆ, ಹುಟ್ಟುವಾಗಲೇ ಪ್ರತಿಯೊಬ್ಬನಿಗೂ ಈ ಗುಣದ ಎರಡು ಚೀಟಿ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದರ ಮೇಲಾದರೂ ಕಹಿ ಎಂದು ಬರೆದಿದ್ದರೆ ಕಹಿ ಗೊತ್ತಾಗುತ್ತದೆ. ಗೊತ್ತಾಗದವನ ಹತ್ತಿರ ಇರುವುದು ಎರಡೂ ಖಾಲಿ ಚೀಟಿ. ಆದ್ದರಿಂದ ತಂದೆತಾಯಿ ಇಬ್ಬರಿಗೂ ಕಹಿ ಗೊತ್ತಾಗದಿದ್ದರೆ ಸಾಮಾನ್ಯವಾಗಿ ಮಗುವಿಗೂ ಗೊತ್ತಾಗುವುದಿಲ್ಲ. ಖಾಲಿ ಚೀಟಿ ಬಿಟ್ಟು ಅವರಲ್ಲಿ ಕೊಡಲು ಬೇರೇನೂ ಇಲ್ಲ.

ನಾನು: ಸಪ್ಪೆ. ಹೆಂಡತಿ: ಸಪ್ಪೆ. ಮಗಳು: ಓಡಿಹೋಗಿ ಉಗಿದವಳು.

"ಅಪ್ಪ, ಮುಂದಿನ ಪ್ರಶ್ನೆ?" ಎಂದು ಮೋರಿಯಿಂದ ಕೇಳಿಸಿತು.

ಇಂಥ ಲೆಕ್ಕದಿಂದ ಕೆಲವು ಗಂಡಸರ ತಲೆಯಲ್ಲಿ ಬೇರೆ ಅನುಮಾನವೂ ಹುಟ್ಟುತ್ತದೆಂದು ಆಮೇಲೆ ಕೇಳಿದೆ. ನನಗೆ ಅದು ಹೊಳೆಯಲೇ ಇಲ್ಲ. ನನ್ನ ಹೆಂಡತಿಯನ್ನು ನಾನು ನನಗಿಂತ ಹೆಚ್ಚು ನಂಬುತ್ತೇನೆ. ನನ್ನ ಅನುಮಾನ ನೆಟ್ಟಗೆ ಹೋಗಿ ನಿಂತದ್ದು ಇವಳು ಹುಟ್ಟಿದ ಬಾಂದ್ರಾದ ಹೆರಿಗೆ ವಾರ್ಡಿನ ಬಾಗಿಲಲ್ಲಿ. ಅಂದು ಜೋರು ಮಳೆ, ಕರೆಂಟು ಹೋಗಿತ್ತು, ನರ್ಸಮ್ಮ ಎರಡು ತೋಳಿನಲ್ಲಿ ಎರಡು ಮಗು ಹಿಡಿದು ಬಂದು, ಒಂದನ್ನು ನನಗೆ ಕೊಟ್ಟಿದ್ದಳು. ಎಡಗೈಯದನ್ನೋ, ಬಲಗೈಯದನ್ನೋ? ಇಷ್ಟು ವರ್ಷ ಆ ಪ್ರಶ್ನೆ ನನಗೆ ಬಂದಿರಲಿಲ್ಲ. ನನ್ನಂಥವನು ಇಂಥದ್ದೊಂದು ಚಿಂತೆಯನ್ನು ಇಷ್ಟು ವರ್ಷ ಬಿಟ್ಟಿದ್ದು ಹೇಗೆಂದು ಆಶ್ಚರ್ಯವಾಯಿತು.

ನನಗೆ ಹೆದರಿಕೆಯಾದದ್ದು ನಮ್ಮ ನಿಜವಾದ ಮಗಳು ಎಲ್ಲೋ ಇದ್ದಾಳೆ ಎಂದಲ್ಲ. ಅವಳು ಎಲ್ಲಿದ್ದರೂ ಚೆನ್ನಾಗಿರಲಿ. ಒಂದು ದಿನ ಯಾರೋ ಸಭ್ಯ ಗಂಡಹೆಂಡತಿ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಇವಳು ತಮ್ಮವಳು, ಕೊಡಿ ಎಂದು ಕೇಳಿದರೆ? ನಾನು ಸಭ್ಯರ ಎದುರು ಜಗಳವಾಡಲು ಬಾರದವನು. ಚಹಾ ಕೊಟ್ಟು, ಮಗಳನ್ನೂ ಜೊತೆಗೆ ಕಳಿಸಿಬಿಡುವ ಜಾತಿ.

ಹೇಳಿದರೆ ಹೆಂಡತಿಗೆ ಗಾಬರಿ, ಮಗಳಿಗೆ ಪರೀಕ್ಷೆ. ಹಾಗಾಗಿ ಗುಟ್ಟಿನಲ್ಲಿ ಸಾಕ್ಷಿ ಹುಡುಕಲು ಹೊರಟೆ. ಕಿವಿಯ ಹಾಲೆ ಕೆಲವರಿಗೆ ಕೆನ್ನೆಗೆ ಅಂಟಿರುತ್ತದೆ, ಕೆಲವರಿಗೆ ಜೋತಿರುತ್ತದೆ, ಅದೂ ವಂಶದಿಂದ ಬರುತ್ತದೆ ಎಂದು ಅದೇ ಪುಸ್ತಕದಲ್ಲಿತ್ತು. ಕನ್ನಡಿಯಲ್ಲಿ ನನ್ನದನ್ನು ನೋಡಿಕೊಂಡೆ, ಮಲಗಿದ್ದ ಮಗಳದನ್ನು ನೋಡಿದೆ. ಎರಡೂ ಜೋತಿದ್ದವು. ಅರ್ಧ ದಿನ ಸಮಾಧಾನವಾಗಿತ್ತು. ಮಧ್ಯಾಹ್ನ ಅಂಧೇರಿ ಸ್ಟೇಷನ್ನಿನಲ್ಲಿ ನೋಡಿದರೆ ಪ್ಲಾಟ್‌ಫಾರಂ ತುಂಬ ಜೋತ ಕಿವಿಗಳೇ. ಒಬ್ಬ ಹುಡುಗಿಯ ಕಿವಿಯನ್ನು ಕೊಂಚ ಹೆಚ್ಚು ಹೊತ್ತೇ ನೋಡಿದೆನೆಂದು ಕಾಣುತ್ತದೆ. ಅವಳ ತಾಯಿ ಮುಂದೆ ಬಂದು, "ಕಾಯ್ ಓ, ಕಾಯ್ ಬಘತಾಯ್?" ಎಂದಳು. ಏನು ನೋಡ್ತಾ ಇದ್ದೀರಿ ಎಂದು. ಗಾಬರಿಯಲ್ಲಿ ಸತ್ಯವೇ ಬಾಯಿಗೆ ಬಂತು: "ಕಾನ್." ಕಿವಿ. ಅವಳು ನನ್ನನ್ನು ಹುಚ್ಚನೆಂದುಕೊಂಡು ಮಗಳನ್ನು ಎಳೆದುಕೊಂಡು ದೂರ ಹೋದದ್ದರಿಂದ ಬದುಕಿದೆ.

ಆ ವಾರದ ಕೊನೆಗೆ ಮಗಳು ಕಾಲೇಜಿನಿಂದ ನಗುತ್ತಲೇ ಬಂದಳು. ಅವಳು ಬರೆದೊಯ್ದದ್ದನ್ನು ನೋಡಿ ಮೇಷ್ಟ್ರು ಹೇಳಿದರಂತೆ: ಒಂದು ಚಾಳಿಗೆ ಚಾಳೇ ಸಪ್ಪೆ ನಾಲಗೆಯದೆಂದರೆ, ಒಂದೋ ಜೋಗೇಶ್ವರಿಯಲ್ಲಿ ಮನುಷ್ಯಕುಲದ ಹೊಸ ಕವಲು ಒಡೆದಿದೆ, ಇಲ್ಲವೇ ನೀನು ಕೇಳಿದ ರೀತಿ ತಪ್ಪು, ಮೊದಲು ಎರಡನೆಯದನ್ನು ವಿಚಾರಿಸು.

"ನಮ್ಮ ಮನೆಯದನ್ನೂ ತೋರಿಸಿದೆಯಾ?" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

ಅವಳು ನನ್ನನ್ನೇ ನೋಡಿದಳು. "ಅಪ್ಪ, ಪುಸ್ತಕದಲ್ಲಿ ಅದನ್ನ ಓದಿದ್ರಾ?"

ನಾನು ನನ್ನ ಕಿವಿಯ ಹಾಲೆ ಮುಟ್ಟಿಕೊಂಡೆ.

"ಅದಕ್ಕೇ ಈ ವಾರ ಎಲ್ಲ ನನ್ನ ಕಿವಿ ನೋಡ್ತಿದ್ರಿ." ಅವಳು ಬ್ಯಾಗು ಕೆಳಗಿಟ್ಟಳು. "ನಮ್ಮ ಮನೆ ಲೆಕ್ಕ ಕೂಡೋದಿಲ್ಲ ಅಂತ ನಂಗೆ ಕಾಗದ ಇಟ್ಕೊಂಡ ದಿನವೇ ಗೊತ್ತಾಯ್ತು."

"ಮತ್ತೆ ನಿನಗೆ ಏನೂ ಅನಿಸಲಿಲ್ವಾ?"

"ಅನಿಸ್ತು. ನಾನು ಎಲ್ಲೋ ತಪ್ಪಾಗಿ ಕೇಳಿದ್ದೀನಿ ಅನಿಸ್ತು. ನಿಮಗೆ ಮೊದಲು ಮಗಳ ಮೇಲೆ ಡೌಟ್ ಬಂತು, ನಂಗೆ ಬರೆದದ್ದರ ಮೇಲೆ ಬಂತು. ಅಷ್ಟೇ ವ್ಯತ್ಯಾಸ."

ಅಷ್ಟೇ ಎಂದಳು. ನನಗೆ ಅದು ಅಷ್ಟೇ ಆಗಿರಲಿಲ್ಲ.

ಅವಳ ಹೊಸ ಕ್ರಮ ಹೀಗಿತ್ತು. ಒಬ್ಬೊಬ್ಬರನ್ನೂ ಬೇರೆಬೇರೆ ಕರೆಯಬೇಕು, ಇನ್ನೊಬ್ಬರ ಮುಖ ಕಾಣಬಾರದು. ಇಬ್ಬಗೆಯ ಚೂರು ಇರಬೇಕು, ಅದ್ದಿದ್ದು ಮತ್ತು ಬರೇ ಕಾಗದ. ಯಾವುದು ಯಾವುದೆಂದು ಕೇಳುವವಳಿಗೂ ಗೊತ್ತಿರಬಾರದು. ಗೊತ್ತಿದ್ದರೆ ಅವಳ ಮುಖವೇ ಉತ್ತರ ಹೇಳಿಕೊಟ್ಟುಬಿಡುತ್ತದೆ. ಅದಕ್ಕಾಗಿ ಅದ್ದಿದ ಚೂರುಗಳ ಹಿಂದೆ ಪೆನ್ಸಿಲಿನ ಚುಕ್ಕಿ ಹಾಕಿ, ಚುಕ್ಕಿ ಕಾಣದಂತೆ ಜೋಡಿ ಜೋಡಿಯಾಗಿ ಮಡಚಿ ಕೊಡುವ ಕೆಲಸ ನನಗೆ ಬಂತು. ನನ್ನ ಸಪ್ಪೆ ನಾಲಗೆಯನ್ನು ಅವಳು ಮತ್ತೆ ಪರೀಕ್ಷಿಸಿ, ಈ ಕೆಲಸಕ್ಕೆ ನಂಬಿಗಸ್ತನೆಂದು ಒಪ್ಪಿದ್ದಳು. ನಾನು ಚುಕ್ಕಿಗಳನ್ನು ಹಾಕಿದೆ, ನೋಡಿದೆ, ಸರಿಯಾಗಿ ಹಾಕಿದ್ದೇನೋ ಎಂದು ಮತ್ತೆ ಬಿಚ್ಚಿ ನೋಡಿದೆ.

ಮೊದಲು ಮೂಲೆಯ ಅಜ್ಜ. ಅವನನ್ನು ಮಹಡಿಯ ಮೆಟ್ಟಿಲ ಹತ್ತಿರ ಒಬ್ಬನನ್ನೇ ಕೂರಿಸಿದೆವು. ಒಂದು ಚೂರಿಗೆ ಏನೂ ಇಲ್ಲವೆಂದು ತಲೆಯಾಡಿಸಿದ. ಇನ್ನೊಂದಕ್ಕೆ ಅವನ ಮೀಸೆ ಸಮೇತ ಮುಖ ತಿರುಚಿತು.

"ಕಹಿ ಆಗೇದವ್ವಾ" ಎಂದ ಸಂಕೋಚದಿಂದ. "ಆವತ್ತೂ ಆಗಿತ್ತು."

"ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ ಅಜ್ಜ?"

"ಸಾಲಿ ಕಲಿಯೋ ಹುಡುಗಿ ಕೈಯಾರೆ ಕೊಟ್ಟದ್ದು. ಕಹಿ ಅಂತ ಹೆಂಗ ಅನ್ನೂದು? ನಾ ಹಂಗಂದ್ರ ನೀ ಫೇಲ್ ಆಗತಿ ಅಂತ ತಿಳದೆ."

ಅಜ್ಜ ಮರ್ಯಾದೆಗೆ ಹೇಳಿದ್ದನ್ನೇ ಮನೆಯವರು ಅಜ್ಜನ ಮರ್ಯಾದೆಗೆ ಹೇಳಿದ್ದರು. ಒಬ್ಬೊಬ್ಬರಾಗಿ ಕರೆದಾಗ ಮಗನಿಗೂ ಕಹಿ, ಮೊಮ್ಮಕ್ಕಳಿಗೂ ಕಹಿ. ಸೊಸೆಗೆ ಮಾತ್ರ ಎರಡೂ ಬರೇ ಕಾಗದ. ಅಂದು ಆ ಮನೆಯಲ್ಲಿ ನಾಲಗೆಗೆ ತೋರಿದ್ದನ್ನೇ ಹೇಳಿದವಳು ಅವಳೊಬ್ಬಳೇ, ಅದೂ ಅಕಸ್ಮಾತ್ತಾಗಿ.

ನನಗೆ ಸಣ್ಣ ಆಸೆ ಹುಟ್ಟಿತು. ಅದರ ಬೆನ್ನಿಗೇ ಭಯ. ಹೆಂಡತಿಗೂ ಎರಡೂ ಬರೇ ಕಾಗದವಾದರೆ ಆಮೇಲೆ ಬಚಾವಾಗಲು ದಾರಿ ಇಲ್ಲ.

ಒಂದೇ ಖೋಲಿಯಲ್ಲಿ ಬೇರೆ ಕೂರಿಸುವುದೆಂದರೆ ಮೋರಿಯ ಪರದೆಯ ಹಿಂದೆ. ತಾಯಿ ಮಗಳು ಅಲ್ಲಿಗೆ ಹೋದರು. ನನ್ನನ್ನು ಹೊರಗೆ ಗ್ಯಾಲರಿಗೆ ಅಟ್ಟಿದರು. ನಾನು ಕಟಕಟೆ ಹಿಡಿದು ನಿಂತೆ. ಕೆಳಗೆ ನಲ್ಲಿಯ ಹತ್ತಿರ ಯಾರೋ ಬಕೀಟು ಎಳೆಯುತ್ತಿದ್ದರು, ಆ ಗದ್ದಲದಲ್ಲಿ ಒಳಗಿನದು ಕೇಳಿಸದೇ ಹೋದೀತೆಂದು ಅವರ ಮೇಲೂ ಸಿಟ್ಟು ಬಂತು.

"ಇದು ಕಾಗದ" ಎಂದಳು ಹೆಂಡತಿ.

ಆಮೇಲೆ ಉಗಿದ ಸದ್ದು. ತಂಬಿಗೆಯ ನೀರಿನ ಸದ್ದು. ಮತ್ತೊಮ್ಮೆ ಉಗಿದ ಸದ್ದು. ಅಷ್ಟು ಇಂಪಾದ ಉಗುಳನ್ನು ನಾನು ಮುಂಬಯಿಯಲ್ಲಿ ಅದಕ್ಕೂ ಮೊದಲು ಕೇಳಿಲ್ಲ.

"ಇಸ್ಸಿ. ಬೇವಿನ ಸೊಪ್ಪು ಅರೆದು ಇಟ್ಟ ಹಾಗೆ ಉಂಟು. ಇದೆಂಥ ವಿದ್ಯೆ ಮಾರಾಯ್ತಿ ನಿನ್ನದು?"

ನಾನು ಒಳಗೆ ನುಗ್ಗಿದೆ. ಚೂರು ತಿರುಗಿಸಿ ನೋಡಿದೆ. ಚುಕ್ಕಿ ಇತ್ತು.

"ಆವತ್ತು ಎಂತದೂ ಇಲ್ಲ ಅಂದದ್ದು ಯಾಕೆ?" ಎಂದು ಕೇಳಿದೆ.

"ನೀವು ಇಲ್ಲ ಅಂದ್ರಲ್ಲ. ಆಮೇಲೆ ನಾನು ಉಂಟು ಅಂದ್ರೆ ಎಂತ ಆಗ್ತಿತ್ತು ಹೇಳಿ. ನಿನಗೆ ಪಿತ್ತ ಏರಿದೆ, ಲಿವರ್ ಕೆಟ್ಟಿದೆ, ನಾಲಗೆ ತೋರಿಸು, ನಾಳೆಯೇ ಡಾಕ್ಟ್ರ ಹತ್ತಿರ ಹೋಗುವ, ಹೀಗೆ ಹೇಳ್ತಾ ಅನ್ನ ತಿನ್ನಲಿಕ್ಕೂ ಬಿಡ್ತಿರ್ಲಿಲ್ಲ ನೀವು. ಅದಕ್ಕಿಂತ ಒಂದು ತುಂಡು ಬೆಲ್ಲ ತಿನ್ನುವುದು ಸಸಾರ."

ಮಗಳು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ನಗು ನಿಂತ ಮೇಲೆ ನಾನು ವಾರವಿಡೀ ಪಟ್ಟ ಪಾಡನ್ನು ಅವಳೇ ತಾಯಿಗೆ ಹೇಳಿದಳು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಪಿತ್ತ, ಲಿವರ್ ಎರಡೂ ಇದ್ದವು.

"ಸರಿ, ಈಗ ಇವಳು ನಮ್ಮವಳೇ ಅಂತ ಸಾಬೀತಾಯ್ತಲ್ಲ" ಎಂದೆ, ಮರ್ಯಾದೆ ಉಳಿಸಿಕೊಳ್ಳಲು.

"ಇಲ್ಲ ಅಪ್ಪ" ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತಾ. "ಅಮ್ಮನಿಗೆ ಕಹಿ ಗೊತ್ತಾಗುತ್ತೆ, ಅದು ನಂಗೆ ಬಂದಿರಬಹುದು. ಅಷ್ಟೇ. ನಾನು ನಿಮ್ಮ ಮಗಳಲ್ಲ ಅನ್ನೋಕೆ ಇದ್ದ ಕಾರಣ ಬಿದ್ದುಹೋಯ್ತು. ಹೌದು ಅಂತ ಸಾಬೀತಾಗ್ಲಿಲ್ಲ."

"ಅಂದ್ರೆ ಇನ್ನೂ ಡೌಟು ಉಂಟಾ?"

"ನಿಮಗೆ ಬೇಕಾದ್ರೆ ಇಟ್ಕೊಳ್ಳಿ" ಎಂದಳು ಹೆಂಡತಿ, ಸ್ಟವ್‌ಗೆ ಪಂಪು ಹೊಡೆಯುತ್ತಾ. "ಖಾಲಿ ಕೂತ್ಕೊಳ್ಳಲಿಕ್ಕೆ ಆಗುದಿಲ್ಲ ನಿಮಗೆ."

ಬರೆದದ್ದನ್ನು ಮೇಷ್ಟ್ರಿಗೆ ಒಪ್ಪಿಸುವ ದಿನ ನಾವಿಬ್ಬರೂ ಒಟ್ಟಿಗೇ ಸ್ಟೇಷನ್ನಿಗೆ ಹೊರಟೆವು. ಹೆಂಡತಿ ಅಂಧೇರಿಯಲ್ಲಿ ಯಾರದೋ ಮನೆಗೆಂದು ಮೊದಲೇ ಹೋಗಿದ್ದಳು, ಬೀಗ ಹಾಕಿದ್ದು ಮಗಳು. ದಾರಿಯಲ್ಲಿ ಅವಳ ಹೆಜ್ಜೆ ನಿಧಾನವಾಯಿತು. ಬ್ಯಾಗು ತೆರೆದು ಕಾಗದಗಳನ್ನು ನೋಡಿಕೊಂಡಳು. ಮುಚ್ಚಿದಳು. ಮತ್ತೆ ತೆರೆದಳು.

"ಅಪ್ಪ, ನಾನು ಸ್ಟವ್ ಆರಿಸಿದ್ನಾ?"

"ಆರಿಸಿದ್ದಿ."

"ನೀವು ನೋಡಿದ್ರಾ, ಅಥವಾ ಹಾಗೇ ಹೇಳ್ತಿದ್ದೀರಾ?"

ನಾನು ಅವಳ ಮುಖ ನೋಡಿದೆ. ಹುಬ್ಬು ಗಂಟುಹಾಕಿಕೊಂಡು ಚಾಳಿನ ಕಡೆಗೇ ನೋಡುತ್ತಿದ್ದಳು. ಅವಳು ನಗಲಿಲ್ಲ, ನಾನೂ ನಗಲಿಲ್ಲ. ಇದು ರಕ್ತದಲ್ಲಿ ಬಂದದ್ದೋ, ಒಂದೇ ಖೋಲಿಯಲ್ಲಿ ಬೆಳೆದು ಕಲಿತದ್ದೋ ಎಂದು ಕೇಳಿದ್ದರೆ, ಕಲಿತದ್ದೇ ಇರಬಹುದೆಂದು ಅವಳು ನ್ಯಾಯವಾಗಿಯೇ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

"ನೋಡಿಲ್ಲ" ಎಂದೆ. "ನಡಿ, ಹೋಗಿ ನೋಡುವ."

ಲೋಕಲ್ ತಪ್ಪಿತು. ಸ್ಟವ್ ಆರಿತ್ತು.