ಟರ್ಕಿ ಬಾಯಿಯ ಖಾತೆ, ನಮ್ಮವ್ವನ ಕಿರಾಯಿ

ಪರದೇಶದಲ್ಲಿ ಬ್ಯಾಂಕ್ ಖಾತೆ ತೆರೆಯುವುದು ದೊಡ್ಡ ಕಷ್ಟವೇನಲ್ಲ. ನಮ್ಮವ್ವ ಇಲ್ಲದ ಊರಲ್ಲಿ ತೆರೆಯಬೇಕು, ಅಷ್ಟೆ.

ನಾನು ಸೇಡಂ ಸಮೀಪದ ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಹಾಜರಿ, ರಜೆ, ಪಗಾರದ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಹೆಮ್ಮೆ ಪಡಬಾರದು ಅನ್ನುವವರಿದ್ದಾರೆ, ನಾನಂತೂ ಪಡುತ್ತೇನೆ: ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಶಹಾಬಾದ್ ಕಡೆಯ ಗಣಿಗಳಲ್ಲಿ ಫರ್ಸಿ ಕಲ್ಲು ಎಬ್ಬಿಸಿ, ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ನನ್ನನ್ನು ಬಿ.ಕಾಂ. ಮಾಡಿಸಿದರು. ಪದವಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅವ್ವ ದೇವರ ಜಗಲಿಯ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಬಂದವರು ದೇವರಿಗೆ ಕೈಮುಗಿದರೆ ಅದಕ್ಕೂ ಒಂದು ಪಾಲು ಹೋಗುತ್ತದೆ.

ಹೋದ ವರ್ಷ ನಮ್ಮ ಕಾರ್ಖಾನೆಗೆ ಟರ್ಕಿಯಿಂದ ಒಬ್ಬ ಇಂಜಿನಿಯರ್ ಬಂದಳು. ವಯಸ್ಸಿನಲ್ಲಿ ನನ್ನ ಓರಗೆಯವಳು. ಸಿಮೆಂಟ್ ಸುಡುವ ಭಟ್ಟಿಯ ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಕೂಡಿಸುವುದು ಅವಳ ವಿದ್ಯೆ. ಭಟ್ಟಿ ಅಂದರೆ ಮನೆಯ ಒಲೆಯಂಥದ್ದಲ್ಲ, ಮಲಗಿಸಿಟ್ಟ ಕೊಳವೆ. ಅದರೊಳಗೆ ಲಾರಿ ಓಡಿಸಬಹುದು. ಅವಳು ಹೆಲ್ಮೆಟ್ ಹಾಕಿಕೊಂಡು ಅದರೊಳಗೆ ಹೊಕ್ಕರೆ ಹಾಡುವುದು ಹೊರಗೆ ಕೇಳಿಸುತ್ತಿತ್ತು. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಅನ್ನುತ್ತಾರೆ; ಕೆಲಸದವರು ಅವಳನ್ನು 'ಟರ್ಕಿ ಬಾಯಿ' ಎಂದು ಕರೆದರು, ಅವಳಿಗೂ ಆ ಹೆಸರು ಸೇರಿತು.

ಭಟ್ಟಿ ರಿಪೇರಿಗೆ ಬಂದ ಗಂಡಸರಿಂದ ಕಾರ್ಖಾನೆಯ ಗೆಸ್ಟ್ ಹೌಸ್ ತುಂಬಿಹೋಗಿ, ಬಚ್ಚಲಿಗೆ ಪಾಳಿ ಹಚ್ಚಿ ನಿಲ್ಲಬೇಕಾಗಿತ್ತು. 'ನಿಮ್ಮ ಮನೆಯಲ್ಲಿ ಒಂದು ಕೋಣೆ ಸಿಗುತ್ತದೆಯೇ?' ಎಂದು ಟರ್ಕಿ ಬಾಯಿ ನನ್ನನ್ನು ಕೇಳಿದಳು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ; ಇಬ್ಬರದೂ ಅಷ್ಟಕ್ಕಷ್ಟೇ, ಹಾಗಾಗಿ ಚೆನ್ನಾಗಿ ತಿಳಿಯುತ್ತದೆ. ನನ್ನ ಓದಿಗೆಂದು ಅಪ್ಪ ಮಾಳಿಗೆಯ ಮೇಲೆ ಕಟ್ಟಿಸಿದ ಕೋಣೆ ಖಾಲಿ ಇತ್ತು. ಪೊಲೀಸ್ ಠಾಣೆಗೆ ತಿಳಿಸುವುದನ್ನೆಲ್ಲ ಕಂಪನಿಯೇ ಮಾಡಿತು. ಸಂಜೆಗೆ ಅವಳ ಪೆಟ್ಟಿಗೆ ನಮ್ಮ ಅಂಗಳದಲ್ಲಿತ್ತು.

ಮೊದಲ ಊಟಕ್ಕೆ ಅವ್ವ ಒಣಗಿಸಿಟ್ಟ ಕಟಕ ರೊಟ್ಟಿ ಇಟ್ಟಳು. ಪರದೇಶದವಳು ಇದನ್ನು ಹೇಗೆ ತಿಂದಾಳು ಎಂದು ನಾನು ಒಳಗೊಳಗೇ ಹೆದರಿದ್ದೆ. ಅವಳು ರೊಟ್ಟಿಯನ್ನು ಬೆರಳಲ್ಲಿ ಟಕಟಕ ಬಡಿದು ನೋಡಿ, ಅದರ ಮೇಲೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ, ಸ್ವಲ್ಪ ಹೊತ್ತಿಗೆ ಮೆತ್ತಗಾದ ರೊಟ್ಟಿಯನ್ನು ಮಡಚಿ ಬಾಯಿಗಿಟ್ಟಳು. ಅವರ ಅಜ್ಜಿಯೂ ಚಳಿಗಾಲಕ್ಕೆಂದು ಇಂಥವೇ ತೆಳು ರೊಟ್ಟಿ ಒಣಗಿಸಿಡುತ್ತಾಳಂತೆ. ಅವ್ವ ನನ್ನ ಕಡೆ ತಿರುಗಿ, 'ಟರ್ಕಿ ಅಂದ್ರ ಎಲ್ಲ್ಯದವಾ, ಚಿಂಚೋಳಿ ದಾಟಿದ ಮ್ಯಾಲಾ?' ಎಂದಳು.

ಆಮೇಲೆ ಅವ್ವ, ಟರ್ಕಿ ಬಾಯಿ ಇಬ್ಬರ ಮಾತುಕತೆ ಶುರುವಾಯಿತು. ಸಾಬೂನಿಗೆ ಅವರಲ್ಲೂ ಸಾಬುನ್, ಚಹಾಕ್ಕೆ ಚಾಯ್, ಹವಾಕ್ಕೆ ಹವಾ, ದುನಿಯಾಕ್ಕೆ ದುನ್ಯಾ. ಒಂದೊಂದು ಮಾತು ಹೊಂದಿದಾಗಲೂ ಇಬ್ಬರೂ ತೊಡೆ ತಟ್ಟಿಕೊಂಡು ನಗುವರು. ನಾನು ಹದಿನೈದು ವರ್ಷ ಓದಿ ಕಲಿತ ಇಂಗ್ಲಿಷನ್ನು ಯಾರೂ ಕೇಳಲಿಲ್ಲ.

ಹೀಗಿರುವಾಗ ಖಾತೆಯ ಮಾತು ಬಂತು. ಅವಳ ಪಗಾರ ಇಲ್ಲಿಯ ಬ್ಯಾಂಕಿನಲ್ಲೇ ಜಮಾ ಆಗಬೇಕು. ನಮ್ಮ ಸಾಹೇಬರು ನನ್ನನ್ನು ಕರೆದು, 'ಈ ತಿಂಗಳ ಪಗಾರ ತಯಾರಾಗೂದ್ರೊಳಗ ಖಾತಿ ಆಗ್ಲಿಲ್ಲಂದ್ರ ಹೈದರಾಬಾದ್ ಆಫೀಸಿಗಿ ಕಳಿಸಿಬಿಡಮ್ಮ. ಅಲ್ಲಿ ಕಂಪನಿ ಫ್ಲ್ಯಾಟ್ ಅದ, ಅಡ್ರೆಸಿನ ರಗಳಿ ಇಲ್ಲ. ಭಟ್ಟಿ ಫೋನಿನ್ಯಾಗ ನೋಡ್ಕೊಳ್ಳಲಿ' ಎಂದರು.

ಇದನ್ನು ಹೇಳಿದಾಗ ಟರ್ಕಿ ಬಾಯಿಯ ಮುಖ ಇಳಿದುಹೋಯಿತು. ಪೂರ್ತಿ ಅವಳ ಜವಾಬ್ದಾರಿಗೆ ಬಿಟ್ಟ ಮೊದಲ ಭಟ್ಟಿ ಇದು. ಇಲ್ಲಿಯತನಕ ಎಲ್ಲ ಕಡೆ ಯಾರೋ ದೊಡ್ಡವರ ಕೈಕೆಳಗೆ ಇಟ್ಟಿಗೆ ನೋಡಿದವಳು. 'ನನ್ನ ಭಟ್ಟಿಗೆ ಬೆಂಕಿ ಹಾಕುವ ದಿನ ನಾನು ಹೈದರಾಬಾದಿನಲ್ಲಿ ಕುಳಿತು ಫೋನು ಹಿಡಿದಿರಬೇಕೆ?' ಎಂದಳು. ನನಗೆ ಅದು ಚೆನ್ನಾಗಿ ಅರ್ಥವಾಯಿತು. ನನ್ನ ಪದವಿಯನ್ನು ಅಂಚೆಯಲ್ಲಿ ತರಿಸಿಕೋ ಎಂದಿದ್ದರೆ ನಾನೂ ಹೀಗೇ ಅನ್ನುತ್ತಿದ್ದೆ.

ಮರುದಿನವೇ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಸುಲೇಪೇಟದ ಕಡೆಯವರು, ಸಮಾಧಾನದ ಮನುಷ್ಯ. ಪಾಸ್‌ಪೋರ್ಟ್, ವೀಸಾ, ಕಂಪನಿಯ ಪತ್ರ, ಫೋಟೊ ಎಲ್ಲವನ್ನೂ ಒಂದೊಂದಾಗಿ ತಿರುವಿ ನೋಡಿದರು.

'ಎಲ್ಲಾ ಚೊಕ್ಕ ಅದರಿ. ಈ ಬಾಯಾರು ಇರೋದು ಎಲ್ಲಿ?'

'ನಮ್ಮ ಮನ್ಯಾಗ್ರಿ.'

'ಕಿರಾಯಿ ಅಗ್ರಿಮೆಂಟ್ ಕೊಡ್ರಿ ಹಂಗಾರ' ಎಂದು ಬಾಡಿಗೆಯ ಕರಾರುಪತ್ರ ಕೇಳಿದರು.

'ಮಾಡ್ಸಿಲ್ರಿ.'

'ಕಿರಾಯಿ ಎಷ್ಟ ಕೊಡ್ತಾರ?'

'ಕೊಡಲ್ರಿ.'

'ಅಂದ್ರ ನಿಮಗ ಏನಾಗಬೇಕು?'

ನಾನು ಟರ್ಕಿ ಬಾಯಿಯನ್ನು ನೋಡಿದೆ. 'ಏನೂ ಆಗಲ್ರಿ.'

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಏನೂ ಆಗದವರು ಕಿರಾಯಿ ಇಲ್ದ ನಿಮ್ಮ ಮನ್ಯಾಗ ಯಾಕ ಇರ್ತಾರ್ರಿ? ಇದನ್ನ ನಾ ಮ್ಯಾಲಿನ ಆಫೀಸಿಗಿ ಹೆಂಗ ಬರೀಲಿ? ಅಗ್ರಿಮೆಂಟ್ ತರ್ರಿ. ನಾನೇ ಮನಿಗಿ ಬಂದು ಮಾಲಕರನ್ನ ಕೇಳಿ ಹೋಗ್ತೀನಿ. ಪರದೇಶದವರ ಖಾತಿ ಅಂದ್ರ ಇದು ಮಾಡಬೇಕಾಗ್ತದ.'

ಮನೆಯ ಮಾಲಕಳು ನಮ್ಮವ್ವ. ಸರ್ಕಾರದ ಯೋಜನೆಯಲ್ಲಿ ಆದ ಮನೆ, ಅವಳ ಹೆಸರಿನಲ್ಲೇ ಇದೆ. ಅವಳ ಮುಂದೆ ಕಿರಾಯಿಯ ಮಾತೆತ್ತಿದೆ.

'ಆ ಹುಡುಗಿ ಕಡಿಂದ ಕಿರಾಯಿ? ನಮ್ಮ ಮನಿ ಏನ್ ಲಾಜ್ ಅದಾ? ನಾಳಿ ಅವರವ್ವ ಬಂದ್ರ ಯಾವ ಮಾರಿ ತೋರಸ್ಲಿ?'

'ಅವರವ್ವ ಟರ್ಕಿದಾಗ ಇರ್ತಾಳವ್ವಾ.'

'ಟರ್ಕಿದಾಗ ಇದ್ರ ಕಿವಿ ಇಲ್ಲೇನು ಆಕಿಗಿ?'

ಪಕ್ಕದಲ್ಲಿ ನಿಂತಿದ್ದ ಟರ್ಕಿ ಬಾಯಿ 'ಕಿರಾ, ಕಿರಾ' ಎಂದು ಎದೆಯ ಮೇಲೆ ಕೈಯಿಟ್ಟು ಬೇಡಿಕೊಂಡಳು. ಬಾಡಿಗೆಗೆ ಅವರ ಭಾಷೆಯಲ್ಲಿ ಕಿರಾ ಎನ್ನುತ್ತಾರೆ. ತಿಳಿಯದಿದ್ದರೆ ಏನಾದರೂ ಹೇಳಿ ದಾಟಿಸಬಹುದಿತ್ತು, ಅವ್ವನಿಗೆ ಪೂರ್ತಿ ತಿಳಿದೇ ಬಿಟ್ಟಿತು. 'ನೀ ಸುಮ್ಕಿರು' ಎಂದು ಅವಳ ಗಲ್ಲ ತಟ್ಟಿದಳು.

ಅಪ್ಪ ಉಣ್ಣುತ್ತಿದ್ದವನು ತಲೆಯೆತ್ತದೆ ಹೇಳಿದ: 'ತಗೋ. ತಗೊಂಡು ಆಕಿಗೇ ಹಾಲು ತುಪ್ಪ ಹಾಕು. ಯಾರ್ ಬ್ಯಾಡಂತಾರ?'

ಇದು ಅವ್ವನ ಮನಸ್ಸಿಗೆ ನಾಟಿತು. ಒಂದೇ ಕರಾರು: ಓಣಿಯಲ್ಲಿ ಯಾರಿಗೂ ಗೊತ್ತಾಗಬಾರದು. ಅದಕ್ಕೂ ಕಾರಣವಿತ್ತು. 'ಬಿಡಿ ಕಾಸು ಮುಟ್ಟಿಲ್ಲ' ಎಂದು ಅವಳು ಆಗಲೇ ಮನೆಮನೆಗೆ ಹೇಳಿ ಬಂದಿದ್ದಳು.

ತಹಶೀಲ್ ಆಫೀಸಿನ ಎದುರು ಬಾಂಡ್ ಬರೆಯುವವರ ಮುಂದೆ ಮೂವರೂ ಕುಳಿತೆವು. 'ಕಿರಾಯಿ ಎಷ್ಟಂತ ಹಾಕ್ಲಿ?' ಎಂದು ಅವರು ಕೇಳಿದ್ದೇ ತಡ, ಟರ್ಕಿ ಬಾಯಿ ಎಂಟು ಬೆರಳು ಎತ್ತಿದಳು. ಎಂಟು ಸಾವಿರ.

'ಐನೂರು' ಎಂದಳು ಅವ್ವ.

ಟರ್ಕಿ ಬಾಯಿ ತಲೆಯಲ್ಲಾಡಿಸಿ ಏಳು ಬೆರಳು ತೋರಿಸಿದಳು. ಅವ್ವ ಎದ್ದು ನಿಂತು, 'ಏಳಂದ್ರ ನಾ ಮನಿಗಿ ಹ್ವಾದೆ' ಎಂದಳು. ಬಾಂಡ್ ಬರೆಯುವವರು ಟೈಪ್ ಮಾಡುವುದು ಬಿಟ್ಟು ಇಬ್ಬರನ್ನೂ ನೋಡಿದರು.

'ಬಾಯಾರ, ಮಾಲಕರು ನೀವಾ ಆಕಿಯಾ? ಮದ್ಲ ಅದು ಹೇಳ್ರಿ, ಇಲ್ಲಂದ್ರ ಹೆಸರು ತಿರಿಮುರಿ ಆಗ್ತಾವ.'

ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಒಬ್ಬರು ಅವ್ವನ ಪರ, ಒಬ್ಬರು ಟರ್ಕಿಯ ಪರ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಕೊನೆಗೆ ಎರಡು ಸಾವಿರಕ್ಕೆ ಇಳಿಯಿತು, ಅಥವಾ ಏರಿತು, ಯಾವ ಕಡೆಯಿಂದ ನೋಡುತ್ತೀರೋ ಹಾಗೆ. ಅವ್ವ ಸೋತ ಮುಖದಲ್ಲಿ ಸಹಿ ಹಾಕಿದಳು. ಆ ಸಹಿಯನ್ನು ಅವಳು ಕಲಿತದ್ದು ನನ್ನ ಒಂದನೇ ಇಯತ್ತೆಯ ಸ್ಲೇಟಿನ ಮೇಲೆ. ಅಂದೇ ಸಂಜೆ ಮೊದಲ ತಿಂಗಳ ಕಿರಾಯಿಯನ್ನೂ ಈಸಿಕೊಂಡು, ಎಲ್ಲಿ ಇಟ್ಟಳೋ ಯಾರಿಗೂ ಹೇಳಲಿಲ್ಲ.

ಮ್ಯಾನೇಜರ್ ಶನಿವಾರ ಮಧ್ಯಾಹ್ನ ಸ್ಕೂಟರ್ ಮೇಲೆ ಬಂದರು. ನಮ್ಮ ಓಣಿಗೆ ಬ್ಯಾಂಕಿನವರು ಬಂದರೆ ಅದು ಒಬ್ಬರ ಮನೆಯ ವಿಷಯವಾಗಿ ಉಳಿಯುವುದಿಲ್ಲ. ಎದುರು ಮನೆಯ ಖಾಲಾ ನಮ್ಮ ಕಟ್ಟೆಯ ಮೇಲೇ ಬಂದು ಕುಳಿತು ಎಲೆಯಡಿಕೆ ಚೀಲ ಬಿಚ್ಚಿದಳು. ಅವಳ ಹಿಂದೆ ನಾಲ್ಕಾರು ಹೆಂಗಸರು.

'ಬರ್ರಿ ಸಾಹೇಬ್ರ, ಕುಂದ್ರಿ' ಎಂದು ಅವ್ವ ಚಹಾ ಕೊಟ್ಟಳು. ಮ್ಯಾನೇಜರ್ ಮಾಳಿಗೆ ಕೋಣೆ ನೋಡಿ ಬಂದು, ಪೆನ್ನು ತೆಗೆದು, ಮರ್ಯಾದೆಯಿಂದಲೇ ಕೇಳಿದರು: 'ಬಾಯಾರ, ಇಕಿ ನಿಮ್ಮ ಕಿರಾಯಿದಾರಳ ಹೌದಲ್ರಿ?'

ಹೊರಗೆ ಖಾಲಾ ಅಡಿಕೆ ಕತ್ತರಿಸುವ ಸದ್ದು ನಿಂತಿತು.

'ಕಿರಾಯಿದಾರಳಾ? ಯಾರಂದ್ರು?' ಎಂದಳು ನಮ್ಮವ್ವ. 'ಆಕಿ ನಮ್ಮ ಮಗಳಿದ್ದಂಗ್ರಿ. ಮಗಳ ಕಡಿಂದ ಯಾರರ ಕಿರಾಯಿ ತಗೋತಾರೇನು?'

ನನ್ನ ಕೈಯಲ್ಲಿದ್ದ ಬಿಸ್ಕೀಟು ಚಹಾದೊಳಗೆ ಬಿತ್ತು. ಮ್ಯಾನೇಜರ್ ಅಗ್ರಿಮೆಂಟ್ ನೋಡಿದರು, ಅವ್ವನನ್ನು ನೋಡಿದರು, ಪೆನ್ನಿಗೆ ಕ್ಯಾಪು ಹಾಕಿದರು.

'ಹಂಗಾರ ಈ ಅಗ್ರಿಮೆಂಟ್ ಸುಳ್ಳೇನ್ರಿ?'

'ಅವ್ವಾ' ಎಂದೆ. 'ಖಾತಿ ಆಗ್ಲಿಲ್ಲಂದ್ರ ಆಕಿನ್ನ ಹೈದರಾಬಾದಿಗಿ ಕಳಸ್ತಾರ. ಹೇಳಿದ್ನಲ್ಲ.'

'ಮಂದಿ ಮುಂದ ಹೆಂಗ ಹೇಳ್ಲೆ?' ಎಂದು ಅವ್ವ ನನ್ನ ಕಿವಿಯಲ್ಲಿ ಸಿಡಿದಳು. ಮ್ಯಾನೇಜರ್ ಬ್ಯಾಗು ಹೆಗಲಿಗೆ ಹಾಕಿಕೊಂಡರು. 'ನಮ್ಮವ್ವನೂ ಹಿಂಗೇ ಅಂತಿದ್ಳು ಬಾಯಾರ. ಆದ್ರ ನಾ ಬರಕೊಳ್ಳೋದು ನೀವು ಅಂದಿದ್ದೇ. ಮಗಳಂತ ಬರದ್ರ ಖಾತಿ ಆಗಲ್ಲ.'

ಆಗ ಟರ್ಕಿ ಬಾಯಿ ಅವ್ವನ ಎದುರು ಬಂದು ಕುಕ್ಕರಗಾಲಿನಲ್ಲಿ ಕುಳಿತಳು. ಮನೆಗೆ ಬಂದ ಅತಿಥಿಗೆ ಅವರು ಮಿಸಾಫಿರ್ ಎನ್ನುತ್ತಾರೆ. ಆ ಮಾತು ಅವ್ವನಿಗೂ ಗೊತ್ತು, ನಮ್ಮ ಕಡೆ ದಾರಿಹೋಕರಿಗೆ ಮುಸಾಫಿರ ಅನ್ನುವುದಿಲ್ಲವೇ. ಇಷ್ಟು ದಿನದಲ್ಲಿ ಕಲಿತ ಕನ್ನಡವನ್ನೆಲ್ಲ ಕೂಡಿಸಿಕೊಂಡು ಅವಳು ನಿಧಾನವಾಗಿ ಹೇಳಿದಳು:

'ಅವ್ವಾ, ಮಿಸಾಫಿರ್ ಹೋಗ್ತದ. ಕಿರಾ ಇರ್ತದ.'

ಅತಿಥಿ ಎಂದಮೇಲೆ ಒಂದು ದಿನ ಬುತ್ತಿ ಕಟ್ಟಿ ಕಳಿಸಲೇಬೇಕು. ಕಿರಾಯಿ ಕೊಟ್ಟವಳನ್ನು ಯಾರು ಎಬ್ಬಿಸುತ್ತಾರೆ? ಈ ಲೆಕ್ಕ ನನ್ನ ಬಿ.ಕಾಂ.ಗೂ ಹೊಳೆದಿರಲಿಲ್ಲ. ಅವ್ವ ಸರಸರ ಅಡುಗೆಮನೆಗೆ ಹೋದಳು. ಡಬ್ಬಿ ತೆರೆದ ಸದ್ದು. ತಿರುಗಿ ಬಂದಾಗ ಮೊಣಕೈತನಕ ಜೋಳದ ಹಿಟ್ಟು, ಕೈಯಲ್ಲಿ ನೋಟುಗಳು. ಅವುಗಳನ್ನು ಮ್ಯಾನೇಜರ್ ಮುಂದೆ ಒಮ್ಮೆ ಕೊಡವಿ, ಬಾಗಿಲಿಗೆ ಹೋಗಿ ಇಡೀ ಓಣಿಗೆ ಕಾಣುವಂತೆ ಇನ್ನೊಮ್ಮೆ ಕೊಡವಿದಳು.

'ತಗೊಂಡೀನಿ. ಕಿರಾಯಿ ತಗೊಂಡೀನಿ. ಬರಕೋರಿ ಸಾಹೇಬ್ರ, ಕಿರಾಯಿದಾರಳ ಅಂತ ದಪ್ಪಗ ಬರಕೋರಿ. ಇನ್ನ ಆಕಿನ್ನ ಯಾವ ಹೈದರಾಬಾದಿನವರು ಒಯ್ತಾರ ನೋಡ್ತೀನಿ.'

ಮ್ಯಾನೇಜರ್ ಅಂಗಿಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಬರೆದುಕೊಂಡರು. ಕಟ್ಟೆಯ ಮೇಲಿಂದ ಖಾಲಾ, 'ಏನವಾ, ಬಿಡಿ ಕಾಸು ಮುಟ್ಟಿಲ್ಲಂತಿದ್ದಿ?' ಎಂದಳು.

'ಬಿಡಿ ಕಾಸು ಮುಟ್ಟಿಲ್ಲ ಖಾಲಾ. ಎಲ್ಲಾ ನೋಟೇ ಅವ, ನೋಡು.'

ಖಾಲಾ ನಕ್ಕ ನಗೆಗೆ ಬಾಯಲ್ಲಿದ್ದ ಎಲೆಯಡಿಕೆ ಹೊರಗೆ ಬಂತು. ಅವ್ವ ಆ ಕ್ಷಣದಿಂದಲೇ ಮಾಲಕಳಾಗಿಬಿಟ್ಟಳು. ಮಾಳಿಗೆ ಮೇಲೆ ನೀರು ಚೆಲ್ಲಬಾರದು, ಹೊತ್ತು ಮುಳುಗಿದ ಮೇಲೆ ಕೂದಲು ಬಾಚಬಾರದು, ಉಣ್ಣದೆ ಮಲಗಬಾರದು. ಕಿರಾಯಿದಾರಳು ಎಲ್ಲದಕ್ಕೂ 'ಹೌದ್ರಿ, ಹೌದ್ರಿ' ಎಂದು ತಲೆಯಲ್ಲಾಡಿಸಿದಳು.

ಮುಂದಿನ ವಾರ ಖಾತೆ ಆಯಿತು. ಮ್ಯಾನೇಜರ್ ಪಾಸ್‌ಬುಕ್ ಕೈಗೆ ಕೊಟ್ಟಾಗ ಟರ್ಕಿ ಬಾಯಿ ಬ್ಯಾಂಕಿನ ನಡುವೆಯೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಇಟ್ಟಿಗೆ ಎತ್ತಿ ಗಟ್ಟಿಯಾದ ತೋಳು. ನನ್ನ ಚಪ್ಪಲಿ ಒಂದು ಕ್ಯಾಷಿಯರ್ ಕಿಟಕಿಯತನಕ ಹೋಯಿತು. ಪಾಳಿಯಲ್ಲಿ ನಿಂತವರು ಅದನ್ನು ಕೈಯಿಂದ ಕೈಗೆ ದಾಟಿಸಿ ಕೊಟ್ಟರು. ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿ, 'ಖಾತಿ ನಂಬರ್ ಬರಕೋರಿ ಸರ್, ಹೈದರಾಬಾದ್ ಕ್ಯಾನ್ಸಲ್' ಎಂದೆ. ನನ್ನ ನೌಕರಿಯಲ್ಲಿ ನಾನು ಸಾಹೇಬರಿಗೆ ಬರೆದುಕೊಳ್ಳಿ ಎಂದದ್ದು ಅದೇ ಮೊದಲು.

ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ಅಗ್ರಿಮೆಂಟನ್ನು ಮುಂದೆ ಹರಡಿಕೊಂಡು ಕುಳಿತಿದ್ದಳು. ಓದಲು ಬಾರದಿದ್ದರೂ ಅಂಕಿ ಅವಳಿಗೆ ಬರುತ್ತವೆ. ಒಂದು ಕಡೆ ಬೆರಳಿಟ್ಟು ಕೇಳಿದಳು: 'ಇದೇನವಾ ಹನ್ನೊಂದು?'

'ಹನ್ನೊಂದು ತಿಂಗಳವ್ವಾ. ಅಲ್ಲಿತನಕ ಆಕಿ ಇರಬಹುದಂತ.'

'ವರ್ಷಕ್ಕ ಹನ್ನೆರಡಲ್ಲೇನು? ಒಂದು ತಿಂಗಳು ಯಾರ ಮನ್ಯಾಗ ಇರಬೇಕು ಆಕಿ?'

'ಎಲ್ಲಾರೂ ಹಂಗೇ ಬರಸ್ತಾರ. ಮುಗಿದ ಮ್ಯಾಲ ಹೊಸಾದು ಬರಸ್ತಾರ.'

'ಎಷ್ಟ ಸಲ ಬರಸ್ಬೋದು?'

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟರ್ಕಿ ಬಾಯಿಗೆ ಹೇಳಿದೆ. ಅವಳು ಚಪ್ಪಲಿ ಬಿಟ್ಟು ಬಂದು ಅವ್ವನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಅಗ್ರಿಮೆಂಟನ್ನು ಗಂಭೀರವಾಗಿ ನೋಡಿ, ಉತ್ತರ ಕೊಟ್ಟಳು.

'ಭಾಳ.'