ಬೂಟಕ್ಕನ ಹೆಬ್ಬೆರಳು

ಚಳಿಗಾಲ ಕಾಲಿಡುವ ಮೊದಲೇ ಬೂಟಕ್ಕನಿಗೆ ಸುಸ್ತು ಶುರುವಾಗುತ್ತದೆ. ಬೆಟ್ಟದ ಬುಡದ ಆ ಊರಿನಲ್ಲಿ, ಹಿಮದ ದಾರಿ ಹತ್ತುವವರಿಗೆ ಜಾಕೆಟ್ಟು, ಬೂಟು, ಮಲಗುವ ಚೀಲಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅವಳದು. ಕೊಡುವುದೇನು, ಯಾರು ಬೇಕಾದರೂ ಕೊಡಬಹುದು. ವಾಪಸು ಬಂದದ್ದನ್ನು ಒಗೆದು, ಒಣಗಿಸಿ, ಹೋದವರ ಬೆವರಿನ ವಾಸನೆ ಬಿಡಿಸುವಷ್ಟರಲ್ಲಿ ಹೆಣ ಬಿದ್ದುಹೋಗುತ್ತದೆ. ಅರವತ್ತರ ಹತ್ತಿರ ಬಂದ ಮೊಣಕಾಲು ಬೇರೆ, ಬಗ್ಗಿದರೆ ಏಳಲೊಲ್ಲದು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಹಿಮ ತುಳಿದವಳಲ್ಲ. ಯಾಕೆ ಎಂದು ಕೇಳಿದರೆ, "ಅಡುಗೆ ಮಾಡಿದವರಿಗೆ ಹಸಿವಿರುತ್ತಾ?" ಎನ್ನುತ್ತಾಳೆ.

ಆವತ್ತು ಬೆಳಿಗ್ಗೆ ಬಂದವರು ಒಂದು ಬಸ್ ಡಿಪೋದ ಆರು ಜನ. ಮರುದಿನ ಅವರನ್ನು ಬೆಟ್ಟದ ಆಚೆ ಬದಿಗೆ ದಾಟಿಸಬೇಕಾದವನು ಅವಳ ತಮ್ಮ. ಅವಳೇ ಎತ್ತಿ ಆಡಿಸಿದ ತಮ್ಮ. ಈಗ ಅವನಿಗೂ ಐವತ್ತು ದಾಟಿದೆ. ಮದುವೆಯ ತಂಟೆಗೆ ಹೋಗದೆ, ಅಂಗಡಿಯ ಮೇಲಿನ ಕೋಣೆಯಲ್ಲಿ ಅಕ್ಕನ ಜೊತೆ ಇದ್ದುಕೊಂಡು, ಜನರನ್ನು ಹಿಮದ ಮೇಲೆ ನಡೆಸಿಕೊಂಡು ಹೋಗುವುದನ್ನೇ ಬದುಕು ಮಾಡಿಕೊಂಡವನು. ಎರಡು ವರ್ಷದ ಹಿಂದೆ ಹಿಮಗಾಳಿಗೆ ಸಿಕ್ಕಿ, ಬಲಗಾಲಿನ ಬೆರಳುಗಳು ಕಪ್ಪಾಗಿ ಇಳಿದು ಬಂದಿದ್ದ. ಇನ್ನೊಂದು ಸಲ ಹೀಗಾದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಕೆಲವು ತಿಂಗಳು ಕಳೆದು, "ವಾಸಿಯಾಯ್ತು ಅಕ್ಕ" ಎಂದು ಮತ್ತೆ ಹೊರಟ. ಅವಳು ನಂಬಿದಳು. ನಂಬದೆ ಹೋದರೆ ನಿದ್ದೆ ಬರಬೇಕಲ್ಲ!

"ಇದೊಂದು ಹಾಕ್ಕೊಂಡ್ರೆ ಸಾಕಲ್ವಾ ಅಕ್ಕ? ನಮ್ಮ ಮಾವ ಕೊಟ್ಟಿದ್ದು" ಎಂದು ಡ್ರೈವರು ಹತ್ತಿ ತುಂಬಿದ ಕೋಟೊಂದನ್ನು ಮೇಜಿನ ಮೇಲಿಟ್ಟ. ಬೂಟಕ್ಕ ಎತ್ತಿ ನೋಡಿದಳು. ಮೂಗಿಗಿಂತ ಮೂಗುತಿ ಭಾರ.

"ನಿಮ್ಮ ಮಾವನಿಗೆ ಮಗಳನ್ನ ವಾಪಸ್ ಕರೆಸ್ಕೊಳ್ಳೋ ಆಸೆ ಇದೆಯೇನೋ! ಏರು ಹತ್ತುವಾಗ ಬೆವರ್ತೀರಿ. ಹತ್ತಿ ಆ ಬೆವರು ಕುಡಿದು ಕೂತ್ಕೊಳ್ಳುತ್ತೆ, ನೀವು ನಿಂತ ಕೂಡಲೇ ಮೈಮೇಲೆ ತಣ್ಣೀರು ಬಟ್ಟೆ. ಒಳಗೆ ತೆಳ್ಳಗೆ ಉಣ್ಣೇದು, ಅದರ ಮೇಲೆ ಇನ್ನೊಂದು, ಗಾಳಿಗೆ ಅಂತ ಮೇಲೊಂದು. ಸೆಕೆಯಾದ್ರೆ ಒಂದು ಬಿಚ್ಚಿ. ಹೊರಡುವಾಗ ಸ್ವಲ್ಪ ಚಳಿ ಆಗ್ಲೇಬೇಕು."

ಇದೇ ಮಾತನ್ನು ಎಷ್ಟು ಸಾವಿರ ಜನಕ್ಕೆ ಹೇಳಿದ್ದಾಳೋ, ಹೇಳುತ್ತಿರುವಾಗಲೇ ಅವಳಿಗೆ ಆಕಳಿಕೆ ಬಂತು. ಉದ್ದನೆಯ ಕಂಡಕ್ಟರು ಮಲಗುವ ಗಿಡ್ಡ ಚೀಲವೊಂದಕ್ಕೆ ಕಾಲು ತೂರಿಸಿಕೊಂಡು ಒದ್ದಾಡುತ್ತಿದ್ದ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಇಲ್ಲಿ ನಡೆಯಲ್ಲಪ್ಪ, ಕಾಲಿದ್ದಷ್ಟು ಚೀಲ ತಗೋ" ಎಂದು ಬೇರೆಯದನ್ನು ಎಸೆದಳು.

ಆಮೇಲೆ ಬೂಟು. ಬಿಗಿಯಾಗಿದ್ದರೆ ಬೆಚ್ಚಗಿರುತ್ತದೆ ಎಂದುಕೊಂಡು ಎಲ್ಲರೂ ಬಿಗಿಯಾದದ್ದನ್ನೇ ಆರಿಸುತ್ತಾರೆ. ಬಿಗಿಯಾದ ಬೂಟಿನಲ್ಲಿ ರಕ್ತ ಓಡುವುದಿಲ್ಲ, ಬೆರಳು ಹೆಪ್ಪುಗಟ್ಟುತ್ತದೆ. ಆದ್ದರಿಂದ ಬೂಟಕ್ಕ ಯಾರ ಬಾಯಿಮಾತನ್ನೂ ನಂಬುವವಳಲ್ಲ. ಪ್ರತಿಯೊಬ್ಬರ ಮುಂದೆಯೂ ಮೊಣಕಾಲೂರಿ, ಬೂಟಿನ ತುದಿಯ ಮೆತ್ತನೆಯ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ, "ಬೆರಳಾಡಿಸಿ" ಎನ್ನುತ್ತಾಳೆ. ಒಳಗೆ ಬೆರಳು ಅಲುಗಿದ್ದು ಕೈಗೆ ತಿಳಿದರೆ ಬೂಟು ಪಾಸು.

ಆರು ಜನರದ್ದೂ ಮುಗಿಯಿತು. ತಮ್ಮನ ಹಳೆಯ ಬೂಟಿನ ಅಟ್ಟೆ ಆ ಬೆಳಿಗ್ಗೆ ಪೂರ್ತಿ ಕಿತ್ತುಬಂದಿತ್ತು. ಅವನು ಕಪಾಟಿನಿಂದ ತಾನೇ ಒಂದು ಜೊತೆ ಇಳಿಸಿಕೊಂಡು, ಲೇಸು ಬಿಗಿದು, "ಸರಿಯಾಗಿದೆ" ಎಂದು ಬಾಗಿಲ ಕಡೆ ಹೊರಟ.

"ಅಣ್ಣನಿಗೆ ಪರೀಕ್ಷೆ ಇಲ್ವಾ ಅಕ್ಕ? ನಮಗೆ ಮಾತ್ರನಾ?" ಡ್ರೈವರು ನಕ್ಕ.

ಎಲ್ಲರೂ ನಕ್ಕರು. ತಮ್ಮನೂ ನಕ್ಕು, ಬೇರೆ ದಾರಿ ಕಾಣದೆ ಬೆಂಚಿನ ಮೇಲೆ ಕೂತ. ಬೂಟಕ್ಕ ಎಡಗಾಲಿನದನ್ನು ಒತ್ತಿದಳು. ಬೆರಳುಗಳು ಚುರುಕಾಗಿ ಆಡಿದವು. ಬಲಗಾಲಿನದನ್ನು ಒತ್ತಿದಳು.

"ಆಡಿಸು."

ಏನೂ ಇಲ್ಲ.

"ಆಡಿಸೋ."

"ಆಡಿಸ್ತಾ ಇದ್ದೀನಲ್ಲ." ಅವನ ಹಣೆಯಲ್ಲಿ ಬೆವರು ಮೂಡಿತು. ಅವಳ ಹೆಬ್ಬೆರಳಿನ ಕೆಳಗೆ ಚರ್ಮ ಒಂದಿಷ್ಟೂ ಮಿಸುಕಲಿಲ್ಲ. ಬೂಟು ಬಿಗಿಯಿರಲಿಲ್ಲ, ಜೀವ ಇಲ್ಲದ್ದು ಬೆರಳಿಗೆ.

"ಬಿಚ್ಚು. ಈ ಅಂಗಡಿಯಲ್ಲಿ ನಿನಗೆ ಬೂಟಿಲ್ಲ."

"ಅಕ್ಕ, ಜನ ಇದ್ದಾರೆ."

"ಇರಲಿ."

"ಊರಲ್ಲಿ ಬೇರೆ ಅಂಗಡಿ ಇಲ್ವಾ?"

"ಇದೆ, ಹೋಗು. ನಿನ್ನ ಹಿಂದೇನೇ ಬಂದು ಅಲ್ಲೂ ಹೇಳ್ತೀನಿ."

ಅವನ ಮುಖ ಕೆಂಪಗಾಯಿತು. "ಮತ್ತೆ ನಾನೇನು ಮಾಡ್ಲಿ? ನಿನ್ನ ಜೊತೆ ನಿಂತು ಊರೋರ ಸಾಕ್ಸ್ ಒಗೀಲಾ?"

ಮಾತು ನೇರ ಹೋಗಿ ನಾಟಿತು. ಆದರೂ ಅವಳು ಬಿಡಲಿಲ್ಲ. "ಒಗೆಯೋಕೂ ಎರಡು ಕಾಲ ಮೇಲೆ ನಿಲ್ಲಬೇಕು ಕಣೋ."

ಡ್ರೈವರು ಗಂಟಲು ಸರಿಮಾಡಿಕೊಂಡ. "ನಾವು ಬೇರೆ ಯಾರನ್ನಾದ್ರೂ ಕೇಳ್ಕೊಳ್ತೀವಿ ಅಣ್ಣ. ನೀವು ಮನಸ್ಸಿಗೆ ಹಚ್ಕೋಬೇಡಿ" ಎಂದು, ಉಳಿದವರನ್ನು ಕರೆದುಕೊಂಡು ಟೀ ಕುಡಿಯಲು ಹೊರಗೆ ಹೋದ. ಅವರು ಜಗಳಕ್ಕೆ ನಿಂತಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ. ಆ ಒಳ್ಳೆಯ ಮಾತಿಗೆ ಕುಸಿದುಹೋದ. ನಾಳೆ ಆ ಆರು ಜನ ಇನ್ಯಾರದೋ ಬೆನ್ನು ನೋಡಿಕೊಂಡು ಹತ್ತುತ್ತಾರೆ. ನಾಳಿದ್ದೂ ಅಷ್ಟೇ, ಮುಂದಿನ ವರ್ಷವೂ ಅಷ್ಟೇ.

ಕೊನೆಗೆ ಅವನೇ ಬಗ್ಗಿ ಲೇಸು ಬಿಚ್ಚತೊಡಗಿದ.

"ಆ ಹಳೇ ಬೂಟು ಯಾಕೆ ಬಿಟ್ಟಿರಲಿಲ್ಲ ಗೊತ್ತಾ?" ಎಂದ, ತಲೆ ಎತ್ತದೆ. "ಹೊಸದು ತಗೊಂಡ್ರೆ ನೀನು ಬಂದು ಒತ್ತಿ ನೋಡ್ತೀಯ ಅಂತ."

ಬೂಟಕ್ಕ ನೆಲದ ಮೇಲೆಯೇ ಕೂತಿದ್ದಳು. ತಮ್ಮನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಣ್ಣಗಿತ್ತು. ಹಿಡಿದದ್ದು ಅವನಿಗೆ ತಿಳಿಯಿತೋ ಇಲ್ಲವೋ. ಅವಳಿಗೆ ಅಳು ಬಂತು, ತಡೆಯಲು ತ್ರಾಣವಿರಲಿಲ್ಲ.

"ಅದರ ಹೊಲಿಗೆ ಬಿಟ್ಟಿದ್ದು ಹೋದ ವರ್ಷಾನೇ ನನ್ನ ಕಣ್ಣಿಗೆ ಬಿದ್ದಿತ್ತು ಕಣೋ" ಎಂದಳು. "ಒತ್ತಿ ನೋಡ್ಬೇಕಾಗುತ್ತಲ್ಲ ಅಂತಾನೇ, ಹೊಸದು ತಗೋ ಅಂತ ನಾನೂ ಹೇಳಲಿಲ್ಲ."